ಡಾಕ್ಟ್ರಮ್ಮನ ಅಂಚೆ: ಆ ಹಸಿರು ಕ್ಯಾಪ್ಸುಲ್ ಯಾರಿಗೆ ಬೇಕು?

ಹೋದ ಸಂಚಿಕೆಯಲ್ಲಿ ಬಿ12 ಬಗ್ಗೆ ಬರೆದು, ಕೊನೆಯಲ್ಲಿ "ವಿಟಮಿನ್ ಇ ವಿಷಯ ಇನ್ನೊಮ್ಮೆ ನೋಡೋಣ" ಅಂತ ಒಂದು ಸಾಲು ಸೇರಿಸಿದ್ದೆ. ಅಷ್ಟಕ್ಕೇ ಪಾವಗಡದಿಂದ ಹಿಡಿದು ಮಾಲೂರಿನವರೆಗೆ ಕಾಗದಗಳು ಬಂದಿವೆ. ಚಿಂತಾಮಣಿಯ ನನ್ನ ಕ್ಲಿನಿಕ್‌ನಲ್ಲೂ ಇದೇ ಕಥೆ. "ಏನೇನು ಮಾತ್ರೆ ತಗೋತೀರಿ?" ಅಂತ ಕೇಳಿದರೆ ಬಿಪಿ ಮಾತ್ರೆ, ಶುಗರ್ ಮಾತ್ರೆ ಎಲ್ಲ ಹೇಳುತ್ತಾರೆ. ವಿಟಮಿನ್ ಇ ಹೆಸರು ಮಾತ್ರ ಹೇಳುವುದಿಲ್ಲ. ಬ್ಯಾಗಿನಿಂದ ಹಳೇ ಚೀಟಿ ತೆಗೆಯುವಾಗ ಹಸಿರು ಕ್ಯಾಪ್ಸುಲ್ಲಿನ ಸ್ಟ್ರಿಪ್ ಇಣುಕುತ್ತದೆ. ಇದೇನು ಅಂದರೆ, "ಅದು ಮಾತ್ರೆ ಅಲ್ಲ ಡಾಕ್ಟ್ರಮ್ಮ, ಸುಮ್ನೆ ಶಕ್ತಿಗೆ" ಅನ್ನುತ್ತಾರೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ನನಗೆ 46 ವರ್ಷ. ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿ ಸೆಕ್ಷನ್ ಕೆಲಸ. ರಾತ್ರಿ ಮಲಗಿದಾಗ ಮೀನಖಂಡ ಹಿಡಿದುಕೊಂಡು ಪ್ರಾಣ ಹೋದಂಗಾಗುತ್ತದೆ. ಜೊತೆ ಕೆಲಸದವರು ಹೇಳಿದರು ಅಂತ ಮೆಡಿಕಲ್‌ನಲ್ಲಿ ವಿಟಮಿನ್ ಇ 400 ತಂದು ದಿನಾ ಒಂದು ನುಂಗುತ್ತಿದ್ದೇನೆ. ವರ್ಷದ ಮೇಲಾಯಿತು. ಮುಂದುವರಿಸಲೇ?
– ಒಬ್ಬ ಓದುಗರು, ಗೌರಿಬಿದನೂರು

ಉತ್ತರ: ವರ್ಷದಿಂದ ನುಂಗುತ್ತಿದ್ದೀರಿ, ಕಾಲು ಇನ್ನೂ ಹಿಡಿಯುತ್ತಿದೆ. ಅಲ್ಲಿಗೆ ಅರ್ಧ ಉತ್ತರ ನಿಮ್ಮ ಕಾಗದದಲ್ಲೇ ಇದೆಯಲ್ಲಮ್ಮ. ನಿಲ್ಲಿಸಿ. ಇದನ್ನು ನಿಲ್ಲಿಸಲು ಕಡಿಮೆ ಮಾಡುತ್ತಾ ಬರುವ ಅಗತ್ಯ ಇಲ್ಲ.

ಈಗ ಆ ಸ್ಟ್ರಿಪ್ಪಿನ ಹಿಂಭಾಗ ಓದಿ. ಟೊಕೊಫೆರಿಲ್ ಅಸಿಟೇಟ್ 400 ಮಿಲಿಗ್ರಾಂ ಅಂತ ಇರುತ್ತದೆ. ದೊಡ್ಡವರಿಗೆ ಒಂದು ದಿನಕ್ಕೆ ಬೇಕಾದ ವಿಟಮಿನ್ ಇ ಅಮೆರಿಕದವರ ಲೆಕ್ಕದಲ್ಲಿ 15 ಮಿಲಿಗ್ರಾಂ. ನಮ್ಮ ದೇಶದ ಲೆಕ್ಕ ಅದಕ್ಕಿಂತಲೂ ಕಡಿಮೆ. ಕಾರ್ಖಾನೆಯಲ್ಲಿ ತಯಾರಾದ ವಿಟಮಿನ್ ಇ ಪೂರ್ತಿ ದೇಹಕ್ಕೆ ಒದಗುವುದಿಲ್ಲ, ಅರ್ಧಕ್ಕಿಂತ ಸ್ವಲ್ಪ ಕಡಿಮೆ ಲೆಕ್ಕಕ್ಕೆ ಬರುತ್ತದೆ. ಹಾಗೆ ಕಳೆದರೂ ಒಂದು ಕ್ಯಾಪ್ಸುಲ್‌ನಲ್ಲಿ ಸುಮಾರು 180 ಮಿಲಿಗ್ರಾಂ ಉಳಿಯಿತು. ಅಂದರೆ ದಿನದ ಅಗತ್ಯದ 12 ಪಟ್ಟು.

ಇದರಿಂದ ವಿಷ ಏರಿದೆ ಅಂತ ನಿಮ್ಮನ್ನು ಹೆದರಿಸುವುದಿಲ್ಲ. ಇದಕ್ಕಿಂತ ಮೇಲೆ ಹೋಗಬೇಡಿ ಅನ್ನುವ ಮಿತಿಯನ್ನು ಅಮೆರಿಕದವರು 1000 ಮಿಲಿಗ್ರಾಂಗೆ ಇಟ್ಟಿದ್ದಾರೆ, ಯೂರೋಪಿನವರು 300ಕ್ಕೆ. ಅಮೆರಿಕದ ಮಿತಿಯ ಒಳಗಂತೂ ನೀವು ಇದ್ದೀರಿ. ಆದರೆ ಒಂದು ಮಾತು ಗೊತ್ತಿರಲಿ. ಬಿ, ಸಿ ವಿಟಮಿನ್ ಜಾಸ್ತಿಯಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್. ಮೈಯಲ್ಲಿ ಕೂಡಿಕೊಳ್ಳುತ್ತದೆ. 2005ರಲ್ಲಿ 19 ಅಧ್ಯಯನಗಳನ್ನು, ಸುಮಾರು 1 ಲಕ್ಷ 36 ಸಾವಿರ ಜನರ ಲೆಕ್ಕವನ್ನು, ಒಟ್ಟಿಗೆ ಹಾಕಿ ನೋಡಿದರು. ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಒಂದು ಮಾನ, ನಿಮ್ಮ ಒಂದು ಕ್ಯಾಪ್ಸುಲ್ ಅಂದರೆ ಅಷ್ಟೇ) ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡವರಲ್ಲಿ ಸಾವಿನ ಪ್ರಮಾಣ ಕೊಂಚ ಜಾಸ್ತಿ ಕಂಡಿತು. ಆ ಲೆಕ್ಕದಲ್ಲಿ ವಯಸ್ಸಾದವರು, ಕಾಯಿಲೆಯವರೇ ಹೆಚ್ಚಿದ್ದರು, ಹಾಗಾಗಿ ಅದನ್ನು ಎಲ್ಲರಿಗೂ ಅನ್ವಯಿಸಬಹುದೇ ಅಂತ ಡಾಕ್ಟರುಗಳಲ್ಲೇ ವಾದ ಇದೆ. ಆದರೂ ಕಾರಣ ಇಲ್ಲದೆ ವರ್ಷಗಟ್ಟಲೆ ಯಾಕೆ ನುಂಗಬೇಕು ಹೇಳಿ?

ವಿಟಮಿನ್ ಇ ಕೊರತೆ ನಮ್ಮಲ್ಲಿ ಅಪರೂಪ. ಎಣ್ಣೆ ಅಂಶ ಜೀರ್ಣವಾಗದ ಕಾಯಿಲೆಯವರು, ಪಿತ್ತದ ಹರಿವು ತಡೆದವರು, ಕೆಲವು ಹುಟ್ಟು ದೋಷಗಳಿರುವವರು, ತಿಂಗಳು ತುಂಬದೆ ಹುಟ್ಟಿದ ಕೂಸುಗಳು, ಇವರಲ್ಲಿ ಕಾಣುತ್ತದೆ. ಅದರ ಲಕ್ಷಣವೂ ಬೇರೆ. ನಡಿಗೆ ತೂರಾಡುತ್ತದೆ, ಕೈಕಾಲಿನ ಸ್ಪರ್ಶ ಮಂಕಾಗುತ್ತದೆ. ಮೀನಖಂಡ ಹಿಡಿಯುವುದಕ್ಕೂ ಇದಕ್ಕೂ ನಂಟು ಇಲ್ಲ.

ನಿಮ್ಮ ಕಾಲಿನ ವಿಷಯಕ್ಕೆ ಬರೋಣ. ಇಸ್ತ್ರಿ ಸೆಕ್ಷನ್ ಅಂದರೆ ದಿನವಿಡೀ ನಿಂತೇ ಇರುತ್ತೀರಿ, ಬಿಸಿಗೆ ಬೆವರು ಇಳಿಯುತ್ತಿರುತ್ತದೆ. ಪದೇ ಪದೇ ಟಾಯ್ಲೆಟ್‌ಗೆ ಎದ್ದು ಹೋಗಲು ಮುಜುಗರ ಅಂತ ನೀರೂ ಕುಡಿಯುವುದಿಲ್ಲ. ಹೌದು ತಾನೆ? ಅದು ಮೊದಲು ಸರಿಯಾಗಬೇಕು. ಒಮ್ಮೆ ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ. ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ಅಥವಾ ಕೊಲೆಸ್ಟ್ರಾಲ್ ಮಾತ್ರೆ ನಡೆಯುತ್ತಿದ್ದರೆ ನಿಮ್ಮ ಡಾಕ್ಟರಿಗೆ ಈ ತೊಂದರೆ ಹೇಳಿ. ಮಲಗುವ ಮುಂಚೆ ಗೋಡೆಗೆ ಎರಡೂ ಕೈ ಊರಿ, ಒಂದು ಕಾಲು ಹಿಂದಕ್ಕೆ ಇಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ವಾಲಿ. ಮೀನಖಂಡ ಎಳೆದದ್ದು ಗೊತ್ತಾಗಬೇಕು. ಅರ್ಧ ನಿಮಿಷ ಹಾಗೇ ನಿಂತು, ಕಾಲು ಬದಲಿಸಿ. ರಾತ್ರಿ ಹಿಡಿದುಕೊಂಡಾಗ ಕಾಲಿನ ಬೆರಳುಗಳನ್ನು ನಿಮ್ಮ ಕಡೆಗೆ ಎಳೆದು ಹಿಡಿಯಿರಿ. ಕ್ಯಾಪ್ಸುಲ್‌ಗಿಂತ ಇದು ವಾಸಿ, ದುಡ್ಡೂ ಉಳಿಯುತ್ತದೆ.

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ಹೃದಯದ ವಾಲ್ವ್ ಬದಲಾಯಿಸಿದ್ದಾರೆ, ರಕ್ತ ಹೆಪ್ಪುಗಟ್ಟದಿರಲು ಅಸಿಟ್ರಾಂ ಮಾತ್ರೆ ದಿನಾ ನಡೆಯುತ್ತಿದೆ. ಅಮೆರಿಕದಿಂದ ಬಂದ ಅಕ್ಕನ ಮಗ ಹಾರ್ಟ್‌ಗೆ ಒಳ್ಳೆಯದು ಅಂತ ವಿಟಮಿನ್ ಇ ಡಬ್ಬಿ ಕೊಟ್ಟು ಹೋಗಿದ್ದಾನೆ. 1000 ಐಯು ಅಂತ ಬರೆದಿದೆ. ಎರಡು ತಿಂಗಳಿಂದ ತಗೋತಿದ್ದಾರೆ. ಈಚೆಗೆ ಹಲ್ಲು ಉಜ್ಜುವಾಗ ವಸಡಿನಿಂದ ರಕ್ತ ಬರುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ ಮೇಡಂ?
– ಮಗ, ಶಿರಾ

ಉತ್ತರ: ಇರಬಹುದು. ಪತ್ರಿಕೆಯಲ್ಲಿ ಉತ್ತರ ಬರುವವರೆಗೆ ಕಾಯುವ ವಿಷಯ ಅಲ್ಲ ಇದು, ಅದಕ್ಕೇ ನಿಮಗೆ ಆವತ್ತೇ ಫೋನ್ ಮಾಡಿ ಹೇಳಿದ್ದೆ. ಉಳಿದವರಿಗೂ ಗೊತ್ತಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಡಬ್ಬಿ ಇವತ್ತೇ ಮುಚ್ಚಿ ಇಡಿ. ಅಸಿಟ್ರಾಂ ಮಾತ್ರ ನೀವಾಗಿ ನಿಲ್ಲಿಸಬೇಡಿ, ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿದರೆ ಅದು ಇನ್ನೂ ದೊಡ್ಡ ಅಪಾಯ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ ಮಾಡಿಸಿ, ರಿಪೋರ್ಟ್ ಜೊತೆ ಡಬ್ಬಿಯನ್ನೂ ಹೃದಯದ ಡಾಕ್ಟರಿಗೆ ತೋರಿಸಿ. ಮಲ ಕಪ್ಪಗೆ ಹೋದರೆ, ಮೂತ್ರದಲ್ಲಿ ಕೆಂಪು ಕಂಡರೆ, ಹಿಂದೆಂದೂ ಬರದಂಥ ತಲೆನೋವು ಬಂದರೆ ಯೋಚನೆ ಮಾಡುತ್ತಾ ಕೂರಬೇಡಿ, ದೊಡ್ಡಾಸ್ಪತ್ರೆಗೆ ಹೊರಡಿ.

ನಮ್ಮ ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ಅಸಿಟ್ರಾಂ, ವಾರ್ಫರಿನ್ ಮಾತ್ರೆಗಳು ಆ ವಿಟಮಿನ್ ಕೆ ಕೆಲಸಕ್ಕೇ ಅಡ್ಡ ಹಾಕುತ್ತವೆ. ವಿಟಮಿನ್ ಇ ದೊಡ್ಡ ಪ್ರಮಾಣದಲ್ಲಿ ಹೋದರೆ ಅದೂ ಅಡ್ಡ ಹಾಕುತ್ತದೆ. ಸಾಲದ್ದಕ್ಕೆ ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನೂ ಕಡಿಮೆ ಮಾಡುತ್ತದೆ. ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಿಗೂ ಇದೇ ಎಚ್ಚರ.

ಅಕ್ಕನ ಮಗನನ್ನು ಬೈಯಬೇಡಿ. ಹಾರ್ಟ್‌ಗೆ ಒಳ್ಳೆಯದು ಅನ್ನುವುದನ್ನು ಒಂದು ಕಾಲದಲ್ಲಿ ಡಾಕ್ಟರುಗಳೇ ನಂಬಿದ್ದರು. 1996ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಬಂದ ಒಂದು ಅಧ್ಯಯನದಲ್ಲಿ, ವಿಟಮಿನ್ ಇ ತೆಗೆದುಕೊಂಡ ಹೃದ್ರೋಗಿಗಳಿಗೆ ಮತ್ತೆ ಹೃದಯಾಘಾತ ಆಗುವುದು ಕಡಿಮೆಯಾಗಿತ್ತು. ಆಗ ಎಲ್ಲರಿಗೂ ಭಾರೀ ಆಸೆ ಹುಟ್ಟಿತು. ಆಮೇಲೆ ಹೋಪ್ ಅನ್ನುವ ಇನ್ನೂ ದೊಡ್ಡ ಅಧ್ಯಯನ ನಡೆಯಿತು. 9,541 ಜನ, ಸುಮಾರು ನಾಲ್ಕೂವರೆ ವರ್ಷ, ದಿನಕ್ಕೆ 400 ಐಯು. 2000ದಲ್ಲಿ ಫಲಿತಾಂಶ ಬಂತು. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಯಾವುದರಲ್ಲೂ ವ್ಯತ್ಯಾಸ ಇಲ್ಲ. ಅದೇ ಜನರನ್ನು ಇನ್ನೂ ಕೆಲವು ವರ್ಷ ಗಮನಿಸಿ 2005ರಲ್ಲಿ ಹೇಳಿದ್ದೇನೆಂದರೆ, ಕ್ಯಾಪ್ಸುಲ್ ತಗೊಂಡವರಲ್ಲಿ ಹೃದಯ ಸೋತು ಕಾಲು ಊದುವ ಕಾಯಿಲೆ ಜಾಸ್ತಿ ಅಂತ. 2010ರಲ್ಲಿ ಪಾರ್ಶ್ವವಾಯುವಿನ ಲೆಕ್ಕವನ್ನೇ ಬೇರೆ ಮಾಡಿ ನೋಡಿದರು. ರಕ್ತನಾಳ ಕಟ್ಟಿಕೊಂಡು ಆಗುವ ಸ್ಟ್ರೋಕ್ ಶೇ 10ರಷ್ಟು ಕಡಿಮೆ, ಮಿದುಳಿನಲ್ಲಿ ರಕ್ತಸ್ರಾವವಾಗಿ ಆಗುವ ಸ್ಟ್ರೋಕ್ ಶೇ 22ರಷ್ಟು ಹೆಚ್ಚು. ಎರಡನೆಯದು ಅಪರೂಪ, ಆದರೆ ಅದರಿಂದ ಎದ್ದು ಓಡಾಡುವವರು ಕಡಿಮೆ.

ಇನ್ನೊಂದು, ನೀವು ಕೇಳದೇ ಇದ್ದರೂ ಹೇಳುತ್ತೇನೆ. ಅಸಿಟ್ರಾಂ ಶುರುವಾದ ಮೇಲೆ ಎಷ್ಟೋ ಮನೆಗಳಲ್ಲಿ ಸೊಪ್ಪನ್ನೇ ನಿಲ್ಲಿಸಿಬಿಡುತ್ತಾರೆ. ಬಸ್ಸಾರು, ಮಸೊಪ್ಪು ಇಲ್ಲದೆ ನಮ್ಮ ಕಡೆಯವರಿಗೆ ಮುದ್ದೆ ಹೇಗೆ ಇಳಿಯಬೇಕು? ನಿಲ್ಲಿಸುವುದು ಬೇಡ. ವಾರಕ್ಕೆ ಎಷ್ಟು ತಿನ್ನುತ್ತಿದ್ದರೋ ಅಷ್ಟೇ ಒಂದೇ ಸಮ ತಿನ್ನಲಿ. ಒಂದು ವಾರ ಪೂರ್ತಿ ಸೊಪ್ಪು, ಇನ್ನೊಂದು ವಾರ ಏನೂ ಇಲ್ಲ ಅನ್ನುವ ಹಾಗಾದರೆ ಐಎನ್‌ಆರ್ ಏರುಪೇರಾಗುತ್ತದೆ.

ಪ್ರಶ್ನೆ: ಮೇಡಂ, ನಾನು ಡಿಗ್ರಿ ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ಎಲ್ಲರೂ ವಿಟಮಿನ್ ಇ ಕ್ಯಾಪ್ಸುಲ್‌ಗೆ ಪಿನ್ ಚುಚ್ಚಿ, ಎಣ್ಣೆ ಹಿಂಡಿ ಅಲೋವೆರಾ ಜೊತೆ ಮುಖಕ್ಕೆ ಹಚ್ಚುತ್ತಾರೆ. ನಾನೂ ಮೊಡವೆ ಕಲೆಗೆ ಹಚ್ಚಿದೆ. ನಾಲ್ಕು ದಿನಕ್ಕೆ ಕೆನ್ನೆ ಕೆಂಪಾಗಿ ತುರಿಕೆ ಶುರುವಾಯಿತು. ತಲೆಗೂ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಹಚ್ಚಬಹುದಾ?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಮುಖಕ್ಕೆ ಹಚ್ಚುವುದು ಸಾಕು ಪುಟ್ಟಿ. ನಿನಗೆ ಆಗಿರುವುದು ಅಲರ್ಜಿಯಂತೆ ಕಾಣುತ್ತದೆ. ಕ್ಯಾಪ್ಸುಲ್ ನುಂಗಲು ಮಾಡಿದ್ದು. ಒಳಗಿರುವ ಎಣ್ಣೆ ದಪ್ಪ, ಮೊಡವೆ ಬರುವ ಮುಖಕ್ಕೆ ಹಚ್ಚಿದರೆ ರಂಧ್ರ ಮುಚ್ಚಿ ಇನ್ನಷ್ಟು ಮೊಡವೆ ಏಳುತ್ತವೆ. ಕಲೆ ಹೋಗುತ್ತದೆ ಅನ್ನುವುದಕ್ಕೂ ಆಧಾರ ಇಲ್ಲ. 1999ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ, ಆಪರೇಷನ್ ಗಾಯದ ಅರ್ಧ ಭಾಗಕ್ಕೆ ಬರೀ ಮುಲಾಮು, ಇನ್ನರ್ಧಕ್ಕೆ ವಿಟಮಿನ್ ಇ ಬೆರೆಸಿದ ಮುಲಾಮು ಹಚ್ಚಿ ನೋಡಿದರು. ಕಲೆ ಮಾಯುವುದರಲ್ಲಿ ಲಾಭ ಕಾಣಲಿಲ್ಲ. ಬದಲಿಗೆ ಮೂರರಲ್ಲಿ ಒಬ್ಬರಿಗೆ ಚರ್ಮ ಕೆರಳಿತು.

ಕೆಲವು ದಿನ ಬರೀ ನೀರು, ಸೌಮ್ಯವಾದ ಸೋಪು ಸಾಕು. ತುರಿಕೆ ಇಳಿಯದಿದ್ದರೆ ಚರ್ಮದ ಡಾಕ್ಟರನ್ನು ನೋಡು. ಮೆಡಿಕಲ್‌ನವರು ಕೊಡುವ ಮಿಕ್ಸ್ ಕ್ರೀಮ್ ಮಾತ್ರ ಹಚ್ಚಬೇಡ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಅದರ ಪಾಡು ಬೇರೆಯೇ ಅಂಕಣ ಆಗುತ್ತದೆ. ಮೊಡವೆ ಕಲೆ ಕಪ್ಪಾಗದಿರಲು ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚು. ಮೊಡವೆ ಹಿಸುಕಬೇಡ, ಅದು ನಿನ್ನ ಕೈಯಲ್ಲೇ ಇದೆ.

ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವುದಾದರೆ ಬರೀ ಅದನ್ನೇ ಹಚ್ಚು. ಕ್ಯಾಪ್ಸುಲ್ ಬೆರೆಸಿದ ಮಾತ್ರಕ್ಕೆ ಕೂದಲು ಬೆಳೆಯುವುದಿಲ್ಲ. ನಿನ್ನ ವಯಸ್ಸಿನ ಹುಡುಗಿಯರಿಗೆ ಕೂದಲು ಉದುರಿದರೆ ನಾನು ಮೊದಲು ನೋಡುವುದು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್.

ಪ್ರಶ್ನೆ: ನನಗೆ 39. ಕಂಪನಿ ಬಸ್ ಡ್ರೈವರ್. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 2 ಬಂದಿದೆ. ಶುಗರ್ ಇಲ್ಲ, ಕುಡಿತ ಇಲ್ಲ. ಲಿವರ್ ಡಾಕ್ಟರ್ ವಿಟಮಿನ್ ಇ 400 ಬೆಳಿಗ್ಗೆ ಒಂದು, ರಾತ್ರಿ ಒಂದು ಬರೆದಿದ್ದಾರೆ. ಮನೆಯಲ್ಲಿ ಇದು ಕೆಟ್ಟದ್ದು, ಬೇಡ ಅನ್ನುತ್ತಾರೆ. ಯಾರ ಮಾತು ಕೇಳಲಿ?
– ಒಬ್ಬ ಓದುಗರು, ಮಾಲೂರು

ಉತ್ತರ: ಡಾಕ್ಟರ ಮಾತು ಕೇಳಿ. ಮೇಲೆ ಇಷ್ಟೆಲ್ಲ ಬೈದ ಕ್ಯಾಪ್ಸುಲ್‌ಗೆ ನಿಜವಾದ ಕೆಲಸ ಇರುವ ಜಾಗಗಳಲ್ಲಿ ಇದೊಂದು.

ಅಮೆರಿಕದಲ್ಲಿ 247 ಜನರ ಮೇಲೆ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಲಿವರ್‌ನಲ್ಲಿ ಕೊಬ್ಬಿನ ಜೊತೆ ಉರಿಯೂತವೂ ಇತ್ತು, ಲಿವರ್‌ನ ಚೂರು ತೆಗೆದು ಪರೀಕ್ಷಿಸಿ ಖಚಿತ ಮಾಡಿಕೊಂಡಿದ್ದರು. ಯಾರಿಗೂ ಶುಗರ್ ಇರಲಿಲ್ಲ. ದಿನಕ್ಕೆ 800 ಐಯು ವಿಟಮಿನ್ ಇ, 96 ವಾರ. ಔಷಧಿ ಇಲ್ಲದ ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ 19 ಜನರಿಗೆ ಲಿವರ್ ಸುಧಾರಿಸಿತು, ವಿಟಮಿನ್ ಇ ತಗೊಂಡವರಲ್ಲಿ ಶೇ 43 ಜನರಿಗೆ. ಇದು ಸಣ್ಣ ಲಾಭ ಅಲ್ಲ. ಆದರೆ ಲಿವರ್‌ನಲ್ಲಿ ಆಗಲೇ ಗಟ್ಟಿಯಾದ ನಾರಿನಂಶ ಕರಗಿತು ಅಂತ ಅದರಲ್ಲಿ ಸಾಬೀತಾಗಲಿಲ್ಲ.

ಹಾಗಂತ ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ ಅಂತ ಬರೆದವರೆಲ್ಲ ಇದನ್ನು ನುಂಗಬೇಕಿಲ್ಲ. ಈಗ ಹೊಟ್ಟೆಗೆ ಸ್ಕ್ಯಾನ್ ಮಾಡಿಸಿದ ನಡುವಯಸ್ಸಿನವರಲ್ಲಿ ಎಷ್ಟೋ ಜನರಿಗೆ ಗ್ರೇಡ್ 1 ಇದ್ದೇ ಇರುತ್ತದೆ. ನಿಮ್ಮ ಡಾಕ್ಟರ್ ರಕ್ತ ಪರೀಕ್ಷೆ, ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡುವ ಸ್ಕ್ಯಾನ್) ಎಲ್ಲ ನೋಡಿ ಬರೆದಿರಬೇಕು. ಅವರನ್ನು ಎರಡು ಮಾತು ಕೇಳಿ: ಎಷ್ಟು ತಿಂಗಳು, ಮತ್ತೆ ಯಾವಾಗ ಪರೀಕ್ಷೆ. ಹಾಗೆ ಕೇಳಿದರೆ ಯಾವ ಒಳ್ಳೆ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಿಮಗೆ ಇನ್ನೂ ದೊಡ್ಡ ಔಷಧಿ ತೂಕ ಇಳಿಸುವುದು. ಈಗಿರುವ ತೂಕದಲ್ಲಿ ಶೇ 7ರಿಂದ 10ರಷ್ಟು ಇಳಿದರೆ ಲಿವರ್ ಎದ್ದು ಕಾಣುವಷ್ಟು ಸುಧಾರಿಸುತ್ತದೆ. 85 ಕೆಜಿ ಇದ್ದರೆ 6ರಿಂದ ಎಂಟೂವರೆ ಕೆಜಿ. ಡ್ರೈವರ್ ಕೆಲಸದಲ್ಲಿ ಇದು ಕಷ್ಟ ಅಂತ ಗೊತ್ತು. ಶಿಫ್ಟ್ ಮಧ್ಯದ ಬೋಂಡ, ಸಕ್ಕರೆ ಟೀ, ಬಾಟಲಿ ಜ್ಯೂಸ್ ಇಂದ ಶುರು ಮಾಡಿ. ಬಸ್ ನಿಲ್ಲಿಸಿ ಕಾಯುವ ಹೊತ್ತಿನಲ್ಲಿ ಮೊಬೈಲ್ ಬಿಟ್ಟು ಕಂಪನಿ ಕಾಂಪೌಂಡ್ ಸುತ್ತ ನಡೆಯಿರಿ.

ಪ್ರಶ್ನೆ: ಡಾಕ್ಟ್ರಮ್ಮಾ, ನಮ್ಮ ಸೊಸೆಗೆ ಒಂದು ಸಲ ಮೂರು ತಿಂಗಳಿಗೆ ಹೋಗಿಬಿಟ್ಟಿತು. ಈಗ ಮತ್ತೆ ನಿಂತಿದೆ. ನಮ್ಮ ಕಾಲದಲ್ಲಿ ಬಸಿರು ನಿಲ್ಲಲಿ ಅಂತ ವಿಟಮಿನ್ ಇ ಕೊಡುತ್ತಿದ್ದರು. ಈಗಿನ ಡಾಕ್ಟರ್ ಬರೆದೇ ಇಲ್ಲ. ನಾವೇ ತಂದು ಕೊಡಬಹುದಾ?
– ಅತ್ತೆ, ಬಾಗೇಪಲ್ಲಿ

ಉತ್ತರ: ಬೇಡಮ್ಮ. ನಿಮ್ಮ ನೆನಪು ಸರಿಯಾಗಿದೆ, ಹಿಂದೆ ಕೊಡುತ್ತಿದ್ದರು. ಅದಕ್ಕೊಂದು ಕಥೆ ಇದೆ. 1922ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರಿನ್ ಬಿಷಪ್ ಇಲಿಗಳಿಗೆ ಒಂದು ಬಗೆಯ ಆಹಾರ ಹಾಕಿ ಸಾಕಿದರು. ಇಲಿಗಳು ಬಸಿರಾಗುತ್ತಿದ್ದವು, ಆದರೆ ಮರಿ ಹೊಟ್ಟೆಯಲ್ಲೇ ಸಾಯುತ್ತಿತ್ತು. ಹಸಿ ಲೆಟ್ಯೂಸ್ ಸೊಪ್ಪು ಕೊಟ್ಟಾಗ ಬಸಿರು ಉಳಿಯಿತು. ಆಮೇಲೆ ಗೋಧಿ ಕಾಳಿನ ಮೊಳಕೆಯೊಡೆಯುವ ಭಾಗದಲ್ಲೂ ಅದೇ ಗುಣ ಕಂಡಿತು. ವಿಟಮಿನ್ ಇ ಸಿಕ್ಕಿದ್ದೇ ಹೀಗೆ. ಅಲ್ಲಿಂದ ಇದು ಬಸಿರು ಉಳಿಸುವ ವಿಟಮಿನ್ ಅಂತ ಹೆಸರಾಯಿತು. ಆ ಇಲಿಗಳಿಗೆ ಇದ್ದ ಕೊರತೆ ನಿಮ್ಮ ಸೊಸೆಗೆ ಇಲ್ಲ.

ಬಸುರಿಯರ ಮೇಲೂ ಪರೀಕ್ಷೆ ಆಗಿದೆ. 2006ರಲ್ಲಿ ಬ್ರಿಟನ್‌ನಲ್ಲಿ 2,400ಕ್ಕೂ ಹೆಚ್ಚು ಗರ್ಭಿಣಿಯರ ಅಧ್ಯಯನ ಪ್ರಕಟವಾಯಿತು. ಬಿಪಿ ಏರುವ ಅಪಾಯ ಇದ್ದವರಿಗೆ ವಿಟಮಿನ್ ಸಿ ಜೊತೆ 400 ಐಯು ವಿಟಮಿನ್ ಇ ಕೊಟ್ಟಿದ್ದರು. ಬಿಪಿ ತೊಂದರೆ ತಪ್ಪಲಿಲ್ಲ, ಕಡಿಮೆ ತೂಕದ ಮಕ್ಕಳು ಹುಟ್ಟಿದ್ದು ಜಾಸ್ತಿಯಾಯಿತು.

ಫೋಲಿಕ್ ಆಸಿಡ್, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಡಾಕ್ಟರ್ ಹೇಳಿದ ಹೊತ್ತಿಗೆ ತಪ್ಪದೆ ಕೊಡಿ. ಮೊದಲ ಸಲ ಹೋಗಿದ್ದಕ್ಕೆ ಸೊಸೆ ತಪ್ಪು ಏನೂ ಇಲ್ಲ, ಒಮ್ಮೆ ಹೀಗಾದವರಲ್ಲಿ ಹೆಚ್ಚಿನವರಿಗೆ ಮುಂದಿನ ಸಲ ಸಲೀಸಾಗಿ ಹೆರಿಗೆ ಆಗುತ್ತದೆ. ಇದನ್ನು ನೀವು ನಿಮ್ಮ ಬಾಯಿಂದಲೇ ಆಯಮ್ಮನಿಗೆ ಹೇಳಿ.

ಪ್ರಶ್ನೆ: ನಾವು ಶೇಂಗಾ ಬೆಳೆಗಾರರು. ಕಡಲೆಕಾಯಿಯಲ್ಲೇ ವಿಟಮಿನ್ ಇ ಇದೆ ಅಂತ ಕೇಳಿದೆ. ನಿಜವೇ? ದಿನಾ ಎಷ್ಟು ತಿನ್ನಬೇಕು?
– ರೈತ, ಪಾವಗಡ

ಉತ್ತರ: ನಿಜ. ಬೀಜಕ್ಕೆ, ಎಣ್ಣೆಗೆ ಈ ವಿಟಮಿನ್ ಇರುವ ಕಾರಣವೂ ಸರಳ. ಎಣ್ಣೆ ಗಾಳಿಗೆ ಸೋಕಿದರೆ ಕಮಟಾಗುತ್ತದಲ್ಲ, ಅದನ್ನು ತಡೆಯುವುದು ಇದರ ಕೆಲಸ. ನಮ್ಮ ಮೈಯ ಜೀವಕೋಶಗಳ ಸುತ್ತ ಇರುವ ಕೊಬ್ಬಿನ ಪದರಕ್ಕೂ ಅದೇ ಕಾವಲು.

ಒಂದು ಹಿಡಿ, ಅಂದರೆ ಸುಮಾರು 28 ಗ್ರಾಂ ಕಡಲೆಬೀಜದಲ್ಲಿ 2 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ಅಷ್ಟೇ ಬಾದಾಮಿಯಲ್ಲಿ ಸುಮಾರು 7, ಸೂರ್ಯಕಾಂತಿ ಬೀಜದಲ್ಲೂ 7ರ ಮೇಲೆ. ಒಂದು ದೊಡ್ಡ ಚಮಚ ಸೂರ್ಯಕಾಂತಿ ಎಣ್ಣೆಯಲ್ಲಿ ಐದೂವರೆ, ಕಡಲೆಕಾಯಿ ಎಣ್ಣೆಯಲ್ಲಿ 2 ಮಿಲಿಗ್ರಾಂ. ತಿಪಟೂರಿನವರು ಬೇಜಾರು ಮಾಡಿಕೊಳ್ಳಬಾರದು, ಕೊಬ್ಬರಿ ಎಣ್ಣೆಯಲ್ಲಿ ಹೇಳಿಕೊಳ್ಳುವಷ್ಟು ಇಲ್ಲ. ಸೊಪ್ಪಿನಲ್ಲಿ, ಶ್ರೀನಿವಾಸಪುರದ ಮಾವಿನಲ್ಲಿ ಒಂದಿಷ್ಟು ಸಿಗುತ್ತದೆ. ಒಗ್ಗರಣೆ, ಕಡಲೆಬೀಜದ ಚಟ್ನಿ, ಚಿತ್ರಾನ್ನ, ಸೊಪ್ಪಿನ ಸಾರು ಎಲ್ಲ ಸೇರಿದರೆ ನಮ್ಮ ಊಟದಲ್ಲೇ ದಿನದ ಅಗತ್ಯದ ಬಹುಪಾಲು ಬಂದುಬಿಡುತ್ತದೆ.

ದಿನಕ್ಕೆ ಒಂದು ಹಿಡಿ ಸಾಕು. ನೆನೆಸಿ, ಬೇಯಿಸಿ, ಹುರಿದು ಹೇಗಾದರೂ ತಿನ್ನಿ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿರುವ ವಿಟಮಿನ್ ಇ ಹಾಳಾಗುತ್ತದೆ. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಕಾಯಿಯನ್ನು ಮನೆಗೆ ಅಂತ ಇಟ್ಟುಕೊಳ್ಳಬೇಡಿ. ಒಳ್ಳೆಯದನ್ನು ಮಾರಿ ಮುಗ್ಗಲನ್ನು ತಾವು ತಿನ್ನುವ ರೂಢಿ ನಮ್ಮ ರೈತರಲ್ಲಿ ಇದೆ. ಆ ಬೂಷ್ಟಿನ ವಿಷ ಲಿವರ್‌ಗೆ ಬಹಳ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ.

ಚುಟುಕಾಗಿ

*ಅರವತ್ತು ದಾಟಿದೆ, ಗಂಡಸರ ಶಕ್ತಿಗೆ ಅಂತ ತಗೋತಿದ್ದೇನೆ (ತಿಪಟೂರು):* ನಿಲ್ಲಿಸಿ ಸ್ವಾಮಿ. ಅಮೆರಿಕ, ಕೆನಡಾ ಕಡೆ 35,533 ಗಂಡಸರ ಮೇಲೆ ನಡೆದ ಅಧ್ಯಯನದಲ್ಲಿ, ದಿನಕ್ಕೆ 400 ಐಯು ತೆಗೆದುಕೊಂಡವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚು ಕಂಡಿತು ಅಂತ 2011ರಲ್ಲಿ ಗೊತ್ತಾಯಿತು. ಏಳು ವರ್ಷದಲ್ಲಿ ಸಾವಿರ ಜನಕ್ಕೆ 65 ಇದ್ದದ್ದು 76 ಆಯಿತು. ಶಕ್ತಿ ಬಂತು ಅಂತ ಯಾರೂ ಬರೆದಿಲ್ಲ.

*ಕಣ್ಣಿನ ಡಾಕ್ಟರ್ ಅಮ್ಮನಿಗೆ ವಿಟಮಿನ್ ಇ ಇರುವ ಮಾತ್ರೆ ಬರೆದಿದ್ದಾರೆ (ಮುಳಬಾಗಿಲು):* ವಯಸ್ಸಾದವರ ಅಕ್ಷಿಪಟಲ ಸವೆಯುವ ಕಾಯಿಲೆ ಮಧ್ಯದ ಹಂತದಲ್ಲಿದ್ದರೆ, ವಿಟಮಿನ್ ಸಿ, ಇ, ಸತು ಸೇರಿದ ಮಾತ್ರೆಯಿಂದ ಅದು ಮುಂದುವರಿಯುವ ಅಪಾಯ ಕಾಲು ಭಾಗದಷ್ಟು ಕಡಿಮೆಯಾಗುತ್ತದೆ. ಕೊಡಿ. ಕಣ್ಣಿನ ಪೊರೆಗೆ ಇದು ಔಷಧಿ ಅಲ್ಲ.

*ಊಟಕ್ಕೆ ಮುಂಚೆಯೋ, ಆಮೇಲೋ? (ಶಿಡ್ಲಘಟ್ಟ):* ಡಾಕ್ಟರ್ ಬರೆದಿದ್ದರೆ ಊಟದ ಜೊತೆ. ಎಣ್ಣೆ ಅಂಶ ಇಲ್ಲದೆ ಮೈಗೆ ಹತ್ತುವುದಿಲ್ಲ.

*ಮುಂದಿನ ತಿಂಗಳು ಹರ್ನಿಯಾ ಆಪರೇಷನ್ ಇದೆ, ವಿಟಮಿನ್ ಇ ನಡೆಯುತ್ತಿದೆ (ಕೋಲಾರ):* ಸರ್ಜನ್‌ಗೆ ಈಗಲೇ ಹೇಳಿ, ಸಾಮಾನ್ಯವಾಗಿ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಹಲ್ಲು ಕೀಳಿಸುವಾಗಲೂ ಅಷ್ಟೇ. ಸ್ಟ್ರಿಪ್ಪನ್ನೇ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಹೆಸರು ನೆನಪಿಟ್ಟುಕೊಳ್ಳುವ ತಾಪತ್ರಯ ಇರುವುದಿಲ್ಲ.